ಬ್ರೇಕ್ ಮೇಷ್ಟ್ರ ಬಲಗಾಲು

ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಎರಡು ಬ್ರೇಕ್ ಇರುತ್ತವೆ. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಡಿ. ಆ ಎರಡನೆಯದು ಇರುವುದು ಆಪತ್ತಿನ ಹೊತ್ತಿಗೆ. ನಮ್ಮ ಮೇಷ್ಟ್ರ ಪ್ರಕಾರ ಕಾರು ಸ್ಟಾರ್ಟ್ ಆಯಿತೆಂದರೇ ಆಪತ್ತು ಶುರುವಾಯಿತೆಂದು ಅರ್ಥ. ನಾಯಿ ಅಡ್ಡ ಬಂದರೆ ಒತ್ತುತ್ತಿದ್ದರು, ನಾಯಿ ಅಡ್ಡ ಬರಬಹುದು ಅನ್ನಿಸಿದರೂ ಒತ್ತುತ್ತಿದ್ದರು, ಕೆಲವೊಮ್ಮೆ ಇಷ್ಟು ಹೊತ್ತಾದರೂ ಒಂದು ನಾಯಿಯೂ ಬರಲಿಲ್ಲವಲ್ಲ ಎಂಬ ಅನುಮಾನಕ್ಕೇ ಒತ್ತಿಬಿಡುತ್ತಿದ್ದರು. ಊರಿನ ಅರ್ಧ ಜನ ಅವರ ಪಕ್ಕ ಕೂತು ಮುಗ್ಗರಿಸಿದವರೇ. ಹಾಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಮೂಲೆ ಸೇರಿ, ಬ್ರೇಕ್ ಮೇಷ್ಟ್ರು ಎಂಬ ಹೆಸರೇ ಗಟ್ಟಿಯಾಯಿತು.

ಕೆಲಸ ಮುಗಿಸಿ ಮನೆಗೆ ಬಂದ ಮೇಲೂ ಆ ಬಲಗಾಲಿಗೆ ಬಿಡುವಿರಲಿಲ್ಲ. ಬಸ್ಸಿನಲ್ಲಿ ಕೂತರೆ ತಿರುವು ಬಂದಾಗೆಲ್ಲ ಮುಂದಿನ ಸೀಟಿನ ಕೆಳಗಿದ್ದ ಯಾರದೋ ಚೀಲ ಅಪ್ಪಚ್ಚಿಯಾಗುತ್ತಿತ್ತು. ಊಟದ ಹೊತ್ತಿನಲ್ಲಿ ಹೆಂಡತಿಯ ಮಾತು ಸ್ವಲ್ಪ ವೇಗ ಹಿಡಿದರೆ ಮೇಜಿನ ಕೆಳಗೆ ಪಾದ ನೆಲ ಒತ್ತುತ್ತಿತ್ತು.

"ಎಷ್ಟು ಒತ್ತಿದ್ರೂ ಅಷ್ಟೇ ರೀ. ನಾನು ಕಾರಲ್ಲ, ನಿಲ್ಲಲ್ಲ," ಎಂದು ಆಕೆ ಮಾತು ಮುಂದುವರಿಸುತ್ತಿದ್ದರು.

ಈ ಕಾಲಿಗೆ ಒಂದು ಹಳೆಯ ಮರ್ಯಾದೆಯೂ ಇತ್ತು. ವಯಸ್ಸಿದ್ದಾಗ ಮೇಷ್ಟ್ರು ದೇಶದ ರಗ್ಬಿ ತಂಡದಲ್ಲಿ ಫುಲ್‌ಬ್ಯಾಕ್ ಆಗಿದ್ದವರು. ಆ ಆಟ ನೋಡದವರಿಗೆ ಎರಡು ಮಾತು ಹೇಳಬೇಕು. ಒಂದೊಂದು ಕಡೆಗೆ ಹದಿನೈದು ಜನ, ಮೊಟ್ಟೆಯಾಕಾರದ ಒಂದು ಚೆಂಡು. ಹದಿನಾಲ್ಕು ಜನ ಮುಂದೆ ನುಗ್ಗಾಡುತ್ತಿದ್ದರೆ ಹದಿನೈದನೆಯವರು ಎಲ್ಲರಿಗಿಂತ ಹಿಂದೆ ಒಂಟಿಯಾಗಿ ನಿಂತಿರಬೇಕು. ಆಕಾಶದಿಂದ ಬೀಳುವ ಚೆಂಡು ಹಿಡಿಯುವುದು, ಎಲ್ಲರನ್ನೂ ದಾಟಿ ನುಗ್ಗಿ ಬಂದವರನ್ನು ಕೆಡವುವುದು ಅವರ ಪಾಲು. ಮನೆಮಂದಿಯೆಲ್ಲ ಹೊರಗೆ ಹೋದಾಗ ಬಾಗಿಲು ಕಾಯಲು ಒಬ್ಬರನ್ನು ಬಿಟ್ಟುಹೋಗುತ್ತಾರಲ್ಲ, ಹಾಗೆ. ಮೇಷ್ಟ್ರು ಬಾಗಿಲನ್ನು ಎಷ್ಟು ಚೆನ್ನಾಗಿ ಕಾದರೆಂದರೆ, ಅಷ್ಟು ವರ್ಷದ ಆಟದಲ್ಲಿ ಹೊಸಿಲು ದಾಟಲೇ ಇಲ್ಲ. ಅವರನ್ನು ದಾಟಿಹೋದವರು ಕಡಿಮೆ. ಅವರು ಗಳಿಸಿದ ಅಂಕ ಅದಕ್ಕಿಂತ ಕಡಿಮೆ, ಅಂದರೆ ಒಂದೂ ಇಲ್ಲ.

ಇಂಥವರ ಮಗಳು ಇನ್ನು ಹೇಗಿರಬೇಕು? ಅವಳೂ ಫುಲ್‌ಬ್ಯಾಕ್. ಔಷಧಿ ಅಂಗಡಿಯಲ್ಲಿ ಕೆಲಸ, ಸಂಜೆ ಮೈದಾನ. ಮೈದಾನದಲ್ಲಿ ಅವಳ ಹೆಸರು ಅಗುಳಿ. ಹಾಕಿದರೆ ಬಾಗಿಲು ಭದ್ರ. ಚೆಂಡು ಎಷ್ಟೇ ಎತ್ತರದಿಂದ ಬರಲಿ, ಅದು ಬೀಳುವ ಜಾಗದಲ್ಲಿ ಅವಳು ಮೊದಲೇ ಬಂದು ನಿಂತಿರುತ್ತಿದ್ದಳು. ಹಿಡಿದದ್ದು ಕೈಜಾರಿದ್ದನ್ನು ಕಂಡವರಿಲ್ಲ. ಹಿಡಿದ ಮೇಲೆ ಒಂದು ಸಲ ಅಂಚಿನ ಕಡೆ ನೋಡಿ, ಚೆಂಡನ್ನು ದೂರಕ್ಕೆ ಒದ್ದುಬಿಡುತ್ತಿದ್ದಳು. ಅಂಚಿನಲ್ಲಿ ಯಾರಿರುತ್ತಿದ್ದರೆಂದು ಬೇರೆ ಹೇಳಬೇಕೆ? ಮೇಷ್ಟ್ರು ಗೆರೆಯ ಆಚೆ ನಿಂತು, ಕತ್ತಿನ ನರ ಉಬ್ಬಿಸಿಕೊಂಡು, "ನಿಲ್ಲು! ಒದಿ!" ಎಂದು ಕೂಗುತ್ತಿದ್ದರು. ಪಕ್ಕದಲ್ಲಿ ಕೂರುವ ಬಡಗಿಯ ಎಡಗಿವಿ ಮಂದವಾದದ್ದು ಇದರಿಂದಲೇ ಎಂದು ಬಡಗಿಯೇ ಹೇಳುತ್ತಾನೆ.

ಆ ವರ್ಷ ಹೊರದೇಶಕ್ಕೆ ಆಡಲು ಹೊರಟಿದ್ದ ದೇಶದ ಮಹಿಳಾ ತಂಡಕ್ಕೆ ಆಯ್ಕೆ ನಡೆಯುವುದಿತ್ತು. ಹದಿನೈದನೇ ನಂಬರಿನ ಜೆರ್ಸಿ ಒಂದು, ಅದಕ್ಕೆ ಹುಡುಗಿಯರು ಇಬ್ಬರು. ಎರಡನೆಯವಳು ಬ್ರೆಡ್ ಅಂಗಡಿಯಲ್ಲಿ ಟ್ರೇ ಹೊರುವವಳು, ಹೆಸರು ಬುಗುರಿ. ಚೆಂಡು ಕೈಗೆ ಸಿಕ್ಕಿತೋ, ಅವಳು ಒದೆಯುತ್ತಿರಲಿಲ್ಲ, ಓಡುತ್ತಿದ್ದಳು. ಹಿಡಿಯಲು ಬಂದವರ ಮುಂದೆ ಒಂದು ಸುತ್ತು ತಿರುಗಿ ನುಣುಚಿಕೊಳ್ಳುತ್ತಿದ್ದಳು. ನೋಡುವವರಿಗೆ ಹಬ್ಬ, ಮೇಷ್ಟ್ರಿಗೆ ಎದೆನೋವು. ಆಗಾಗ ಚೆಂಡನ್ನು ಕೈಚೆಲ್ಲುತ್ತಲೂ ಇದ್ದಳು. "ಹಿಂದೆ ಮನೆ ಬಾಗಿಲು ಹಾರುಹೊಡೆದಿದೆ, ಈ ಮಹಾರಾಯ್ತಿ ಬೀದಿ ಸುತ್ತೋಕೆ ಹೊರಟಿದ್ದಾಳೆ," ಎಂದು ಮೇಷ್ಟ್ರು ಹಲ್ಲು ಕಡಿಯುತ್ತಿದ್ದರು.

ಆಯ್ಕೆ ಸಮಿತಿಯಲ್ಲಿ ಮೂವರು: ಹಲ್ಲಿನ ಡಾಕ್ಟ್ರಮ್ಮ, ಬಡಗಿ, ಮೇಷ್ಟ್ರು. ಮೂವರೂ ಹಿಂದೆ ದೇಶಕ್ಕೆ ಆಡಿದವರು. ಅಪ್ಪನೇ ಮಗಳನ್ನು ಆರಿಸುವುದೇ ಎಂದು ಹುಬ್ಬೇರಿಸಬೇಡಿ. ಇಡೀ ದೇಶದಲ್ಲಿ ರಗ್ಬಿ ಆಡುವವರು ಬೆರಳೆಣಿಕೆಯಷ್ಟು. ಸಂಬಂಧಿಕರನ್ನೆಲ್ಲ ಹೊರಗೆ ಕಳಿಸಿದರೆ ಕುರ್ಚಿಗಳೇ ಕೂತು ಆಯ್ಕೆ ಮಾಡಬೇಕಾಗುತ್ತಿತ್ತು. ಅದಕ್ಕೇ ಅವರು ತಮ್ಮದೇ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಯಾರ ಮನೆಯವರು ಕಣದಲ್ಲಿರುತ್ತಾರೋ ಅವರಿಗೆ ಕೈ ಎತ್ತುವ ಹಕ್ಕಿಲ್ಲ. ತಮ್ಮವರ ಬಗ್ಗೆ ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಒಂದಕ್ಷರ ಆಡುವಂತಿಲ್ಲ. ಎದುರಾಳಿಯ ಪರವಾಗಿ ಮಾತ್ರ ವಾದಿಸಬೇಕು. ಉಳಿದಿಬ್ಬರು ಅದನ್ನು ಕೇಳಿ ತೀರ್ಮಾನಿಸಬೇಕು. ಇಬ್ಬರಿಗೂ ಒಮ್ಮತ ಬಾರದಿದ್ದರೆ, ಹೆಚ್ಚು ಕಾಲದಿಂದ ಆಡುತ್ತಿರುವವರಿಗೆ ಜಾಗ.

ಕಟ್ಟಳೆಯೇನೋ ಚೆನ್ನಾಗಿತ್ತು. ಅದನ್ನು ಪಾಲಿಸುವ ಚಂದ ಬೇರೆ. ಹಿಂದೊಮ್ಮೆ ಡಾಕ್ಟ್ರಮ್ಮನ ತಮ್ಮನ ಮಗ ಕಣದಲ್ಲಿದ್ದಾಗ, ಅವನ ಎದುರಾಳಿಯ ಪರವಾಗಿ ಆಕೆ ಆಡಿದ್ದು ಒಂದೇ ಮಾತು: "ಒಳ್ಳೆ ಹುಡುಗ, ಹಲ್ಲು ಗಟ್ಟಿಯಾಗಿವೆ." ತಮ್ಮನ ಮಗ ತಂಡ ಸೇರಿದ. ಯಾರೂ ತಪ್ಪು ಹಿಡಿಯಲಿಲ್ಲ.

ಈ ಸಲ ಬಡಗಿ ಅಗುಳಿಯ ಕಡೆ, ಡಾಕ್ಟ್ರಮ್ಮ ಬುಗುರಿಯ ಕಡೆ. ಎತ್ತು ಏರಿಗೆ, ಕೋಣ ನೀರಿಗೆ. ಇಬ್ಬರೂ ಜಗ್ಗುವವರಲ್ಲ. ಒಮ್ಮತ ಬಾರದಿದ್ದರೆ ಹೆಚ್ಚು ಕಾಲ ಆಡಿದ ಅಗುಳಿಗೇ ಜೆರ್ಸಿ. ಹೀಗಿರುವಾಗ ಮೇಷ್ಟ್ರು ಮಾಡಬೇಕಾದದ್ದು ಇಷ್ಟೇ: ಬುಗುರಿಯ ಪರವಾಗಿ ಚೆನ್ನಾಗಿ ಕೆಟ್ಟದಾಗಿ ಮಾತಾಡಬೇಕು. ಮಗಳ ಬದುಕಿನ ಆಸೆ ಅಪ್ಪನ ತೊದಲುಮಾತಿನ ಮೇಲೆ ನಿಂತಿತ್ತು.

"ಅವಳ ಬಗ್ಗೆ ಏನು ಹೇಳ್ತೀರಿ?" ಎಂದು ಹೆಂಡತಿ ಕೇಳಿದರು.

"ಚುರುಕಾದ ಹುಡುಗಿ ಅಂತೀನಿ. ಹೊತ್ತಿಗೆ ಸರಿಯಾಗಿ ಬರ್ತಾಳೆ ಅಂತೀನಿ."

"ಅವಳೇನು ಮೈದಾನಕ್ಕೆ ಬ್ರೆಡ್ ತಂದುಕೊಡ್ತಾಳಾ?"

ಮೇಷ್ಟ್ರ ಕಾಲು ಮೇಜಿನ ಕೆಳಗೆ ನೆಲ ಒತ್ತಿತು.

ಕಾಕತಾಳೀಯವೋ ಏನೋ, ಅದೇ ಬುಗುರಿ ಆಗ ಮೇಷ್ಟ್ರ ಬಳಿ ಡ್ರೈವಿಂಗ್ ಕಲಿಯುತ್ತಿದ್ದಳು. ವ್ಯಾನ್ ಓಡಿಸುವುದು ಕಲಿತರೆ ಟ್ರೇ ಹೊರುವುದು ತಪ್ಪುತ್ತದೆಂದು ಅಂಗಡಿಯ ಯಜಮಾನ ಹೇಳಿದ್ದ. ಮೇಷ್ಟ್ರಿಗೂ ಇದು ಅನುಕೂಲವೇ ಆಯಿತು. ಫುಲ್‌ಬ್ಯಾಕ್ ಎಂಥವಳೆಂದು ತಿಳಿಯಬೇಕಾದರೆ ಅವಳ ಕೈಗೆ ಸ್ಟೀರಿಂಗ್ ಕೊಟ್ಟು ನೋಡಬೇಕು ಎಂಬುದು ಅವರ ಸಿದ್ಧಾಂತ. ಲೋಕದಲ್ಲಿ ಇನ್ನಾರಿಗೂ ಹೊಳೆಯದ ಸಿದ್ಧಾಂತ ಅದು, ಹೊಳೆಯದಿದ್ದುದೇ ಒಳ್ಳೆಯದು.

ಬುಗುರಿ ಮೈದಾನದಲ್ಲಿ ಹೇಗೋ ಕಾರಿನಲ್ಲೂ ಹಾಗೇ. ಜಾಗ ಕಂಡರೆ ನುಗ್ಗುವಳು. ಒಂದು ದಿನ ಮಾರುಕಟ್ಟೆಯ ರಸ್ತೆಯಲ್ಲಿ ಒಬ್ಬರು ಮುದುಕರು ಇದ್ದಕ್ಕಿದ್ದಂತೆ ರಸ್ತೆಗಿಳಿದರು. ಮೇಷ್ಟ್ರು ಬಲವಾಗಿ ಒತ್ತಿದರು. ಕಾರು ಮುದುಕರಿಗೆ ಇನ್ನೂ ಸಾಕಷ್ಟು ದೂರದಲ್ಲೇ ಮೆತ್ತಗೆ ನಿಂತಿತು.

"ನೋಡಿದ್ಯಾ? ನಾನು ಇಲ್ಲದಿದ್ರೆ ಏನು ಗತಿ?"

"ಹೌದು ಮೇಷ್ಟ್ರೇ," ಎಂದಳು ಬುಗುರಿ, ಅವರ ಮುಖವನ್ನೊಮ್ಮೆ ನೋಡಿ.

ಸಂಜೆ ಮನೆಯಲ್ಲಿ ಇದರದೇ ವರ್ಣನೆ. ಬುಗುರಿಯ ಕೈಯಿಂದ ಮುದುಕರನ್ನು, ಸೈಕಲ್ ಸವಾರರನ್ನು, ಒಂದು ಹಸುವನ್ನು ತಾವು ಹೇಗೆ ಉಳಿಸಿದೆವೆಂದು ಮೇಷ್ಟ್ರು ದಿನವೂ ಹೇಳುತ್ತಿದ್ದರು. "ಅವಳಿಗೆ ಓಡೋದು ಗೊತ್ತು, ನಿಲ್ಲೋದು ಗೊತ್ತಿಲ್ಲ," ಎನ್ನುತ್ತಿದ್ದರು. ಅಗುಳಿ ಕೇಳುತ್ತ ಊಟ ಮಾಡುತ್ತಿದ್ದಳು.

ಅಂದ ಹಾಗೆ, ಊರಿಗೆಲ್ಲ ಲೈಸೆನ್ಸ್ ಕೊಡಿಸಿದ ಈ ಮಹಾನುಭಾವರ ಮಗಳಿಗೇ ಲೈಸೆನ್ಸ್ ಇರಲಿಲ್ಲ. ಎರಡು ವರ್ಷದಿಂದ ಕಲಿಯುತ್ತಿದ್ದಳು. "ಇನ್ನೂ ಸ್ವಲ್ಪ ಪಕ್ಕಾ ಆಗಲಿ," ಎಂದು ಅಪ್ಪ ಮುಂದೂಡುತ್ತಲೇ ಇದ್ದರು. ಆಯ್ಕೆ ಹತ್ತಿರ ಬಂದು ಅಭ್ಯಾಸ ಜೋರಾದ ಮೇಲಂತೂ ಅವಳು ಕಾರು ಮುಟ್ಟಿರಲಿಲ್ಲ. ಸಭೆಗೆ ವಾರವಿರುವಾಗ ಒಂದು ಬೆಳಗ್ಗೆ ಮೈದಾನದಿಂದ ಬರುತ್ತ, "ನಾನು ಓಡಿಸ್ಲಾ ಅಪ್ಪಾ?" ಎಂದು ಕೇಳಿದಳು. ಚೆನ್ನಾಗಿಯೇ ಓಡಿಸಿದಳು. ತಿರುವಿಗೆಲ್ಲ ಕೈ ತೋರಿಸಿ, ಇರುವೆಗೂ ದಾರಿ ಬಿಟ್ಟು, ಮನೆಯ ಮುಂದೆ ತಿರುಗಿಸಿ, ಸೀದಾ ಹೋಗಿ ಗೇಟಿಗೆ ಗುದ್ದಿದಳು.

ದೊಡ್ಡ ಗುದ್ದೇನಲ್ಲ. ಗೇಟು ಒಂದು ಕಡೆ ತಗ್ಗಿತು, ಕಾರಿನ ಒಂದು ದೀಪ ಒಡೆಯಿತು. ಮೇಷ್ಟ್ರ ಹೆಂಡತಿ ಒದ್ದೆ ಕೈ ಸೀರೆಗೆ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಇಷ್ಟು ದಿನ ಕಾಲಲ್ಲಿ ನಿಲ್ಲಿಸ್ತಿದ್ರಿ. ಈಗ ಗೇಟು ಬೇಕಾಯ್ತಾ?"

ಮೇಷ್ಟ್ರಿಗೆ ಅದು ಕೇಳಿಸಲಿಲ್ಲ. "ಗೇಟು ಎದುರಿಗೇ ಇತ್ತಲ್ಲೇ! ಬ್ರೇಕ್ ಯಾಕೆ ಒತ್ತಲಿಲ್ಲ?" ಎಂದು ಮಗಳ ಮೇಲೆ ರೇಗಿದರು.

ಅಗುಳಿ ಕಕ್ಕಾಬಿಕ್ಕಿಯಾಗಿ ಅಪ್ಪನ ಮುಖ ನೋಡಿದಳು. "ನೀನು ಒತ್ತುತ್ತೀಯಲ್ಲಪ್ಪಾ," ಎಂದಳು.

"ಒತ್ತಿದೆನಲ್ಲ! ನಾನು ಒತ್ತಿದೆ!"

ಹೌದು, ಒತ್ತಿದ್ದರು. ಕಾರು ನಿಂತಿರಲಿಲ್ಲ.

ಮಧ್ಯಾಹ್ನ ಮೆಕ್ಯಾನಿಕ್ ಕಾರಿನ ಅಡಿಗೆ ತೂರಿ, ಎಣ್ಣೆ ಮೆತ್ತಿದ ಮುಖದೊಂದಿಗೆ ಹೊರಬಂದ. "ನಿಮ್ಮ ಕಡೆ ಬ್ರೇಕಿನ ಕೇಬಲ್ಲೇ ತುಂಡಾಗಿದೆ ಮೇಷ್ಟ್ರೇ. ಸ್ಪ್ರಿಂಗ್ ಇರೋದ್ರಿಂದ ಕಾಲಿಗೆ ಬಿಗಿಯಾಗೇ ಸಿಗುತ್ತೆ. ಕೆಳಗೆ ಏನೂ ಇಲ್ಲ."

"ಇವತ್ತು ತುಂಡಾಗಿರಬೇಕು."

"ಇವತ್ತಾ? ತುದಿಯೆಲ್ಲ ತುಕ್ಕು ಹಿಡಿದಿದೆ. ವಾರಗಳೇ ಆಗಿರುತ್ತೆ."

ವಾರಗಳು! ಮೇಷ್ಟ್ರು ಗ್ಯಾರೇಜಿನ ಹಳೇ ಟೈರಿನ ಮೇಲೆ ಕೂತರು. ಹಾಗಾದರೆ ಆ ಮುದುಕರನ್ನು ಉಳಿಸಿದ್ದು ಯಾರು? ಸೈಕಲ್ಲಿನವರನ್ನು? ಆ ಹಸುವನ್ನು?

ಅಲ್ಲಿಂದ ನೇರ ಬ್ರೆಡ್ ಅಂಗಡಿಗೆ ನಡೆದರು. ಬುಗುರಿ ತಲೆಗೆ ಬಟ್ಟೆ ಕಟ್ಟಿಕೊಂಡು ಬಿಸಿ ಟ್ರೇಗಳನ್ನು ಜೋಡಿಸುತ್ತಿದ್ದಳು.

"ಆವತ್ತು ಮುದುಕರು ಅಡ್ಡ ಬಂದಾಗ ಬ್ರೇಕ್ ಒತ್ತಿದ್ದು ನೀನಾ?"

ಬುಗುರಿ ಸಿಕ್ಕಿಬಿದ್ದವಳಂತೆ ನಾಲಿಗೆ ಕಚ್ಚಿಕೊಂಡಳು. "ಒತ್ತಿದೆ ಮೇಷ್ಟ್ರೇ. ನೀವೂ ಒತ್ತಿದ್ರಿ. ನಾನೇ ಮೊದಲು ಅಂದ್ರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ."

"ಅವರು ಇಳೀತಾರೆ ಅಂತ ನಿನಗೆ ಹೇಗೆ ಗೊತ್ತಾಯ್ತು?"

"ಚೀಲ ಈ ಕೈಯಿಂದ ಆ ಕೈಗೆ ಬದಲಾಯಿಸಿದ್ರಲ್ಲ. ರಸ್ತೆ ದಾಟೋ ಮುಂಚೆ ಎಲ್ಲರೂ ಹಾಗೇ ಮಾಡೋದು." ಟ್ರೇ ಒರೆಸುತ್ತ ಅವಳು ಮುಂದುವರಿಸಿದಳು: "ಆಟದಲ್ಲೂ ಅಷ್ಟೇ ಅಲ್ವಾ ಮೇಷ್ಟ್ರೇ? ಎದುರಿನವಳು ಭಾರ ಒಂದು ಕಾಲಿಗೆ ಹಾಕಿದ್ರೆ ಇನ್ನೊಂದು ಕಡೆ ಜಾಗ ಆಗುತ್ತೆ, ಓಡ್ತೀನಿ. ಹಾಕದಿದ್ರೆ ಸುಮ್ಮನೆ ಒದೀತೀನಿ."

"ನೀನು ಒದೆಯೋದನ್ನ ನಾನು ನೋಡೇ ಇಲ್ಲವಲ್ಲ?"

"ಒದೀತೀನಿ ಮೇಷ್ಟ್ರೇ. ಅದು ಯಾರಿಗೂ ನೆನಪಿರಲ್ಲ," ಎಂದು ನಕ್ಕು, ಒಂದು ಬನ್ನು ಕೈಗಿಟ್ಟಳು.

ಮರುದಿನ ಅವಳ ಪಂದ್ಯವಿತ್ತು. ಮೇಷ್ಟ್ರು ಅಂಚಿನಲ್ಲಿ ತುಟಿಬಿಚ್ಚದೆ ಕೂತು ನೋಡಿದರು. ಬಡಗಿಗೆ ಗಾಬರಿಯಾಗಿ, ಮೈ ಹುಷಾರಿಲ್ಲವೇ ಎಂದು ಎರಡು ಸಲ ಕೇಳಿದ. ಬುಗುರಿ ಓಡಿದಷ್ಟೇ ಸಲ ಓಡದೆಯೂ ಇದ್ದಳು. ಎರಡು ಹೆಜ್ಜೆ ಮುಂದಿಟ್ಟು, ಜಾಗವಿಲ್ಲವೆಂದು ಕಂಡು, ಹಿಂದೆ ಸರಿದು ಒದ್ದದ್ದನ್ನು ಮೇಷ್ಟ್ರು ಮೊದಲ ಸಲ ಕಂಡರು. ಒಂದು ಚೆಂಡು ಕೈಬಿಟ್ಟಳು, ಅದನ್ನೂ ಕಂಡರು. ಹೀಗೆ ಕಂಡದ್ದೇ ಅವರಿಗೆ ಕಂಟಕವಾಯಿತು. ಇನ್ನು ಕೆಟ್ಟದಾಗಿ ಮಾತಾಡುವುದು ಹೇಗೆ? ಗೊತ್ತಿಲ್ಲದಾಗ ತೊದಲಬಹುದು, ಗೊತ್ತಿದ್ದೂ ತೊದಲಿದರೆ ಅದು ಮೋಸ. ಮಾತಾಡಿದರೆ ಮಗಳ ಜೆರ್ಸಿ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ.

ಸಭೆ ನಡೆದದ್ದು ಭಾನುವಾರ ಮಧ್ಯಾಹ್ನ, ಡಾಕ್ಟ್ರಮ್ಮನ ದವಾಖಾನೆಯ ಕಾಯುವ ಕೋಣೆಯಲ್ಲಿ. ಗೋಡೆಯ ಮೇಲೆ ಹುಳುಕು ಹಲ್ಲಿನ ದೊಡ್ಡ ಚಿತ್ರ. ಬಡಗಿ ಅಗುಳಿಯ ಪರವಾಗಿ ಚುಟುಕಾಗಿ ಮಾತಾಡಿದ. "ಅವಳು ತಪ್ಪು ಮಾಡೋದೇ ಇಲ್ಲ. ಕಡೇ ಬಾಗಿಲಿಗೆ ಬೇಕಾಗಿರೋದು ಗಟ್ಟಿ ಅಗುಳಿ, ಕುಣಿಯೋ ಬಾಗಿಲಲ್ಲ." ಬಾಗಿಲು ಮಾಡುವವನ ಮಾತು, ತಳ್ಳಿಹಾಕುವಂತಿರಲಿಲ್ಲ. ಆಮೇಲೆ ಇಬ್ಬರೂ ಮೇಷ್ಟ್ರ ಕಡೆ ತಿರುಗಿದರು. ಹಲ್ಲು ಗಟ್ಟಿಯಾಗಿವೆ ಎಂಬ ಥರದ್ದೇನಾದರೂ ಬರುತ್ತದೆಂದು ಡಾಕ್ಟ್ರಮ್ಮ ನಗು ತಡೆದುಕೊಂಡಿದ್ದರು.

ಮೇಷ್ಟ್ರು ಎದ್ದು ನಿಂತರು. ಮೊದಲು ಮನೆಯಲ್ಲಿ ಕಲಿತದ್ದನ್ನೇ ಹೇಳಿದರು: "ಚುರುಕಾದ ಹುಡುಗಿ. ಹೊತ್ತಿಗೆ ಸರಿಯಾಗಿ ಬರ್ತಾಳೆ." ಅಲ್ಲಿಗೆ ಕೂತಿದ್ದರೆ ಮುಗಿದಿತ್ತು. ಬಡಗಿ ಚಹಾ ಬಗ್ಗಿಸಲು ಫ್ಲಾಸ್ಕ್ ಕೂಡ ಎತ್ತಿದ್ದ. ಮೇಷ್ಟ್ರು ಕೂರಲಿಲ್ಲ.

"ಅವಳಿಗೆ ನಿಲ್ಲೋದು ಗೊತ್ತಿಲ್ಲ ಅಂತ ಊರೆಲ್ಲ ಹೇಳಿದವನು ನಾನೇ," ಎಂದರು. "ಅದು ಸುಳ್ಳು. ನಿಲ್ಲೋದು ಗೊತ್ತಿರೋದ್ರಿಂದಲೇ ಅವಳು ಓಡ್ತಾಳೆ. ಎಲ್ಲಿ ಜಾಗ ಇದೆ, ಎಲ್ಲಿ ಇಲ್ಲ ಅನ್ನೋದು ಅವಳಿಗೆ ಕಾಣುತ್ತೆ. ಕೈಯಿಂದ ಚೆಂಡು ಜಾರುತ್ತೆ, ಇಲ್ಲ ಅನ್ನಲ್ಲ. ಹಿಡಿಯೋದನ್ನ ದಿನಾ ಸಂಜೆ ನಿಂತು ನಾನೇ ಕಲಿಸಬಲ್ಲೆ. ಹೀಗೆ ನೋಡೋದನ್ನ ಕಲಿಸೋಕೆ ನನ್ನ ಕೈಲಾಗಲ್ಲ. ನನಗೇ ಬರಲಿಲ್ಲ ಅದು." ಒಂದು ಗುಟುಕು ನೀರು ಕುಡಿದರು. "ಇನ್ನೊಂದು ಮಾತು. ಅದು ಹೊರದೇಶದ ದೊಡ್ಡ ಮೈದಾನ. ಸಾವಿರಾರು ಜನ ಕೂಗ್ತಿರ್ತಾರೆ. ಅಲ್ಲಿ ಅಂಚಿನಲ್ಲಿ ನಿಂತು ನಾನು ಕೂಗಿದ್ರೆ ಒಳಗೆ ಕೇಳಿಸುತ್ತಾ?"

ಮಗಳ ಹೆಸರನ್ನು ಅವರು ಎತ್ತಲಿಲ್ಲ, ಕಟ್ಟಳೆ ಮುರಿಯಲಿಲ್ಲ. ಬಡಗಿ ಮಾತ್ರ ಫ್ಲಾಸ್ಕ್ ಕೆಳಗಿಟ್ಟು, ತನ್ನ ಎಡಗಿವಿಯನ್ನು ಮುಟ್ಟಿಕೊಂಡ. ಚೆಂಡು ಹಿಡಿದ ಮೇಲೆ ಅಗುಳಿ ಪ್ರತಿಸಲವೂ ಯಾವ ಕಡೆ ನೋಡುತ್ತಿದ್ದಳೆಂದು ಆ ಕಿವಿಯಷ್ಟು ಚೆನ್ನಾಗಿ ಬಲ್ಲವರು ಯಾರು? "ಕೇಳಿಸಲ್ಲ," ಎಂದ. ಆಮೇಲೆ ಡಾಕ್ಟ್ರಮ್ಮನ ಜೊತೆ ತಾನೂ ಕೈ ಎತ್ತಿದ. ಹದಿನೈದನೇ ನಂಬರು ಬುಗುರಿಗೆ ಹೋಯಿತು. ಅಗುಳಿ ಮೀಸಲು ಆಟಗಾರ್ತಿಯಾದಳು.

ಅಗುಳಿ ಹೊರಗೆ ಕಾರಿನಲ್ಲಿ ಕಾಯುತ್ತಿದ್ದಳು. ಮೇಷ್ಟ್ರು ಪಕ್ಕದ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಸುತ್ತು ಬಳಸದೆ ಹೇಳಿಬಿಟ್ಟರು. ಅವಳು ಸ್ಟೀರಿಂಗ್ ಹಿಡಿದ ಕೈಗಳನ್ನೇ ನೋಡುತ್ತ ಕೂತಳು.

"ನೀನು ಚೆನ್ನಾಗಿ ಮಾತಾಡಿದ್ಯಾ ಅಪ್ಪಾ?"

"ಚೆನ್ನಾಗೇ ಮಾತಾಡಿದೆ ಮಗಳೇ. ಅದೇ ಎಡವಟ್ಟಾಗಿದ್ದು."

ಅವಳು ಅತ್ತಳು. ಮರೆಮಾಚದೆ, ಮೂಗು ಸೊರಗುಟ್ಟಿಸಿಕೊಂಡು, ಚಿಕ್ಕವಳಿದ್ದಾಗ ಅಳುತ್ತಿದ್ದಂತೆಯೇ ಅತ್ತಳು. ಮೇಷ್ಟ್ರು ಕಟ್ಟಳೆ ಮಾಡಿದವರನ್ನು, ಕೇಬಲ್ಲನ್ನು, ತಮ್ಮ ನಾಲಿಗೆಯನ್ನು ಮನಸ್ಸಿನಲ್ಲೇ ಶಪಿಸಿದರು. ಕರವಸ್ತ್ರ ಕೊಡಲು ಜೇಬಿಗೆ ಕೈಹಾಕಿದರೆ ಸಿಕ್ಕಿದ್ದು ಕಾರಿನ ಗಾಜು ಒರೆಸುವ ಬಟ್ಟೆ. ಅವಳು ಅದರಲ್ಲೇ ಮೂಗು ಒರೆಸಿಕೊಂಡಳು.

"ಅವಳು ಓಡೋವಾಗ ನನಗೂ ಓಡಬೇಕು ಅನ್ನಿಸ್ತಿತ್ತು," ಎಂದಳು. "ಒಂದು ಸಲನಾದ್ರೂ ಓಡು ಅಂತ ನೀನು ಯಾಕೆ ಕೂಗಲಿಲ್ಲ?"

ಮೇಷ್ಟ್ರು ಅವಳ ಕಡೆ ತಿರುಗಿ, "ಹೆದರಿಕೆ ಕಣಮ್ಮಾ. ನಿನ್ನದಲ್ಲ, ನನ್ನದು," ಎಂದರು. "ಇನ್ನು ನಾನು ಕೂಗಲ್ಲ. ನಿಲ್ಲು ಅಂತಾನೂ ಇಲ್ಲ, ಓಡು ಅಂತಾನೂ ಇಲ್ಲ. ಈಗ ಮನೆಗೆ ನಡಿ."

ಅಗುಳಿ ಕಾರು ಹೊರಡಿಸಿದಳು. ಮೆಕ್ಯಾನಿಕ್ ಹೊಸ ಕೇಬಲ್ ಹಾಕಿದ್ದ, ಮೇಷ್ಟ್ರ ಕಡೆಯ ಬ್ರೇಕ್ ಈಗ ಮುಟ್ಟಿದರೆ ಹಿಡಿಯುವಂತಿತ್ತು. ಮಾರುಕಟ್ಟೆಯ ತಿರುವಿನಲ್ಲಿ ಲಾರಿಯೊಂದು ಎದುರಾಯಿತು. ಬಲಗಾಲು ತಾನಾಗಿ ಮುಂದೆ ಚಾಚಿತು. ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ಹಿಡಿದು ಸೀಟಿನ ಮೇಲಕ್ಕೆ ಎಳೆದುಕೊಂಡು, ಹಿಂದೆಯೇ ಎಡಗಾಲನ್ನೂ ಎಳೆದು, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಮಂಡಿ ಬಾಗಿಲಿಗೆ ಒತ್ತಿ ನೋಯುತ್ತಿತ್ತು. ಮನೆಯ ರಸ್ತೆ ಬಂತು. ಎದುರಿಗೆ ಒಂದು ಕಡೆ ತಗ್ಗಿದ ಅದೇ ಗೇಟು.

"ಅಪ್ಪಾ, ಗೇಟು!" ಎಂದಳು ಅಗುಳಿ.

"ನನಗೆ ಕಾಣ್ತಿದೆ. ನಿನಗೆ ಕಾಣ್ತಿದೆಯಾ?"

ಅವಳು ಪಕ್ಕಕ್ಕೆ ನೋಡಿದಳು, ಅಂಚಿನ ಕಡೆ ನೋಡುತ್ತಿದ್ದಂತೆಯೇ. ಅಲ್ಲಿ ಅಪ್ಪನ ಎರಡೂ ಕಾಲು ಸೀಟಿನ ಮೇಲಿದ್ದವು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದವು. ಅವಳು ತಿರುಗಿ ಗೇಟು ನೋಡಿದಳು. ಕಾರು ಗೇಟಿಗೆ ಒಂದು ಗೇಣು ಇರುವಂತೆ, ಸದ್ದಿಲ್ಲದೆ ನಿಂತಿತು.

ಗೇಟು ಉಳಿಸಿಕೊಳ್ಳಲೆಂದು ಹೊರಗೆ ಓಡಿ ಬಂದಿದ್ದ ಹೆಂಡತಿ, ಆ ಒಂದು ಗೇಣನ್ನೂ ಚಕ್ಕಳಮಕ್ಕಳ ಕೂತ ಗಂಡನನ್ನೂ ನೋಡಿದರು.

"ಯಾರು ನಿಲ್ಲಿಸಿದ್ದು?"

"ಅವಳೇ," ಎಂದರು ಮೇಷ್ಟ್ರು, ಕಣ್ಣು ಬಿಟ್ಟು.

"ನೀವೇನು ಮಾಡ್ತಿದ್ರಿ?"

"ನಾನೇನೂ ಮಾಡಲಿಲ್ಲ."

ಆಕೆ ನಂಬಲಿಲ್ಲ. ಮಗಳ ಅತ್ತ ಮುಖವನ್ನು ಒಮ್ಮೆ ನೋಡಿ, ಏನಾಯಿತೆಂದು ಕೇಳದೆ, ಗೇಟನ್ನು ಪೂರ್ತಿ ತೆರೆದು ಹಿಡಿದರು.